ಡಾಂಬರನ್ನು ಮುದಿ ಮಾಡಿ ಎಳೆದು ನೋಡಿದ್ದು: ಮಂಡ್ಯದ ನನ್ನ ಲ್ಯಾಬಿನ ಅನುಭವ

ಮೂರು ಮಳೆಗಾಲ ಕಳೆದಿವೆ, ಈಗ ಧೈರ್ಯವಾಗಿ ಬರೆಯಬಹುದು. ಹೊಸ ಡಾಂಬರಿನ ಟೆಸ್ಟ್ ರಿಪೋರ್ಟ್ ಇಟ್ಟುಕೊಂಡು ರಸ್ತೆ ಬಿರುಕು ಬಿಡುತ್ತದೋ ಇಲ್ಲವೋ ಹೇಳಲು ಆಗುವುದಿಲ್ಲ. ಡಾಂಬರನ್ನು ಮೊದಲು ಮುದಿ ಮಾಡಬೇಕು, ಅಂದರೆ ಓವನ್ನಿನ ಬಿಸಿಯಲ್ಲಿಟ್ಟು ರಸ್ತೆ ಮೇಲೆ ವರ್ಷಗಟ್ಟಲೆ ಕಳೆದಷ್ಟು ಒಣಗಿಸಬೇಕು. ಆಮೇಲೆ 15 ಡಿಗ್ರಿ ನೀರಿನಲ್ಲಿ ನಿಧಾನವಾಗಿ ಎಳೆಯಬೇಕು. ಎಷ್ಟು ಸೆಂಟಿಮೀಟರಿಗೆ ಕಡಿಯಿತು ಅನ್ನುವುದರಲ್ಲೇ ಉತ್ತರ ಇದೆ. ಇದಕ್ಕೆ ಮೂವತ್ತು ಲಕ್ಷದ ಮಿಷನ್ ಬೇಕಿಲ್ಲ. ನನ್ನ ಲ್ಯಾಬಿನಲ್ಲಿ ಎಲ್ಲ ಸೇರಿ ಸುಮಾರು ಒಂದೂಕಾಲು ಲಕ್ಷ ಆಯಿತು.

ಸೈಟಿನಲ್ಲಿ ಕೆಲಸ ಮಾಡುವವರಿಗೆ ಈ ಮಾತು ಹೊಸದಲ್ಲ: "ಸರ್ಟಿಫಿಕೇಟ್ ಇದೆ ಅಲ್ವಾ, ಮತ್ಯಾಕೆ ಟೆಸ್ಟು?" ವಿಜಿ-30 ದರ್ಜೆಯ ಡಾಂಬರು ಅಂದರೆ, ಡಾಂಬರಿನ ಕೋಡ್ ಆದ ಐಎಸ್ 73ರ ಪ್ರಕಾರ, 60 ಡಿಗ್ರಿಯಲ್ಲಿ ವಿಸ್ಕಾಸಿಟಿ (ಮಂದತನ) 2400ರಿಂದ 3600 ಪಾಯ್ಸ್, ಪೆನಿಟ್ರೇಷನ್ (ಸೂಜಿ ಇಳಿಯುವ ಆಳ) 45ಕ್ಕೆ ಕಡಿಮೆ ಇಲ್ಲ, ಸಾಫ್ಟನಿಂಗ್ ಪಾಯಿಂಟ್ (ಮೆತ್ತಗಾಗುವ ಬಿಸಿ) 47 ಡಿಗ್ರಿಗೆ ಕಡಿಮೆ ಇಲ್ಲ. ಇವೆಲ್ಲ ಪಾಸಾದ ಡಾಂಬರನ್ನೇ ಹಾಕಿದ್ದ ರಸ್ತೆಗಳು ಮದ್ದೂರು, ಮಳವಳ್ಳಿ ಕಡೆ ಎರಡನೇ ವರ್ಷಕ್ಕೇ ಬಲೆ ಬಲೆಯಾಗಿ ಸೀಳಿದ್ದನ್ನು ನಾನು ನೋಡಿದ್ದೇನೆ. ಕಬ್ಬಿನ ಟ್ರ್ಯಾಕ್ಟರ್ ಮೇಲೆ, ಮಳೆ ಮೇಲೆ, ನಾಲೆ ನೀರಿನ ಮೇಲೆ ಹೇಳಿ ಎಲ್ಲರೂ ಕೈ ತೊಳೆದುಕೊಳ್ಳುತ್ತಿದ್ದರು.

ನಾಲೆ ನೀರಿನ ಮಾತು ಸುಳ್ಳಲ್ಲ. ವಿಶ್ವೇಶ್ವರಯ್ಯ ನಾಲೆಯ ಪಕ್ಕದ ರಸ್ತೆಗಳಲ್ಲಿ ಕೆಳಗಿನ ಮಣ್ಣೇ ನೆನೆದು ಕೂತರೆ ಮೇಲೆ ಯಾವ ಡಾಂಬರು ಹಾಕಿದರೂ ನಿಲ್ಲುವುದಿಲ್ಲ. ಆದರೆ ಆ ಬಿರುಕೇ ಬೇರೆ. ಅದು ಚಕ್ರದ ಜಾಡಿನಲ್ಲಿ ಬರುತ್ತದೆ, ರಸ್ತೆ ಜೊತೆಗೇ ತಗ್ಗುತ್ತದೆ, ಮಳೆ ಬಂದರೆ ಬಿರುಕಿನಿಂದ ಕೆಸರು ಉಕ್ಕುತ್ತದೆ. ನಾನು ಹೇಳುತ್ತಿರುವುದು ಚಕ್ರವೇ ಹೋಗದ ಅಂಚಿನಲ್ಲಿ, ಎರಡು ಪಟ್ಟಿ ಸೇರುವ ಜಾಯಿಂಟಿನಲ್ಲಿ ಶುರುವಾಗುವ ಬಿರುಕು. ರಸ್ತೆ ಕೊರೆದು ಉರುಳೆಯಂಥ ತುಂಡು, ಅಂದರೆ ಕೋರ್ ತೆಗೆದರೆ ಅದು ಮೇಲಿನ ಅರ್ಧ ಇಂಚಿನಲ್ಲೇ ನಿಂತಿರುತ್ತದೆ, ಕೆಳಗೆ ಗಟ್ಟಿ ಇರುತ್ತದೆ. ಗಾಳಿ, ಬಿಸಿಲು ಸೇರಿ ಮೇಲಿನ ಡಾಂಬರು ಒಣಗಿದ ಗುರುತು ಅದು. ಕೋರ್ ತೆಗೆಯದೆ ಬಿರುಕಿನ ಬಗ್ಗೆ ಮಾತಾಡುವವರನ್ನು ನಂಬಬೇಡಿ.

ಈ ವಿಚಾರಕ್ಕೆ ಸರಿಯಾದ ದಾರಿ ಅಂದರೆ ಆರ್‌ಟಿಎಫ್‌ಒ (ಡಾಂಬರನ್ನು ತಿರುಗಿಸುತ್ತಾ ಬಿಸಿ ಮಾಡುವ ಓವನ್), ಆಮೇಲೆ ಪಿಎವಿ (ಗಾಳಿಯ ಒತ್ತಡದಲ್ಲಿ ಮುದಿ ಮಾಡುವ ಪಾತ್ರೆ), ಆಮೇಲೆ ಡಿಎಸ್‌ಆರ್ (ಡಾಂಬರನ್ನು ತಿರುಚಿ ಗಡಸುತನ ಅಳೆಯುವ ಮಿಷನ್). ಪಿಎವಿಯಲ್ಲಿ 2.1 ಮೆಗಾಪ್ಯಾಸ್ಕಲ್ ಒತ್ತಡದಲ್ಲಿ 20 ಗಂಟೆ ಇಟ್ಟರೆ ಡಾಂಬರಿಗೆ ಏಳೆಂಟು ವರ್ಷದ ವಯಸ್ಸಾಗುತ್ತದೆ ಅನ್ನುತ್ತಾರೆ. ನಾನು ಕೊಟೇಷನ್ ತರಿಸಿದೆ. ಡಿಎಸ್‌ಆರ್ ಒಂದಕ್ಕೇ ಮೂವತ್ತು ಲಕ್ಷ ದಾಟಿತು. ಪಿಎವಿ ಬೇರೆ. ನನ್ನದು ಮಂಡ್ಯದಲ್ಲಿ ಎರಡು ಶೆಡ್ಡಿನ ಲ್ಯಾಬು. ಕಾಂಕ್ರೀಟ್ ಕ್ಯೂಬು, ಜಲ್ಲಿ, ಡಾಂಬರು ಮಿಕ್ಸಿನ ಮಾರ್ಷಲ್ ಟೆಸ್ಟಿನಲ್ಲೇ ಬಾಡಿಗೆ, ಸಂಬಳ ನಡೆಯಬೇಕು. ಬ್ಯಾಂಕಿನವರು ಕಾಗದ ನೋಡಿ ಹಾಗೇ ವಾಪಸ್ ಕೊಟ್ಟರು.

ಆಗ ಹಿಡಿದ ಎಳೆ ಪ್ರಿಥ್ವಿ ಸಿಂಗ್ ಕಂಧಾಲ್ ಅವರದು. ನಮ್ಮ ದೇಶದವರೇ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇಂಜಿನಿಯರ್ ಆಗಿದ್ದವರು. ಹಾಕಿದ ರಸ್ತೆಗಳಿಂದ ಡಾಂಬರು ವಾಪಸ್ ತೆಗೆದು, ತಣ್ಣನೆ ನೀರಿನಲ್ಲಿ ಡಕ್ಟಿಲಿಟಿ, ಅಂದರೆ ಕಡಿಯುವವರೆಗೆ ಎಳೆಯುವ ಟೆಸ್ಟು ಮಾಡಿ, ರಸ್ತೆಯ ಸ್ಥಿತಿಗೂ ಅದಕ್ಕೂ ತಾಳೆ ಹಾಕಿ 1977ರಲ್ಲಿ ಪ್ರಕಟಿಸಿದರು. ಆಮೇಲೆ ಟೆಕ್ಸಾಸ್‌ನವರು ಇದನ್ನೇ 15 ಡಿಗ್ರಿ, ನಿಮಿಷಕ್ಕೆ 1 ಸೆಂಟಿಮೀಟರ್ ವೇಗಕ್ಕೆ ತಂದರು. ಐದು ಸೆಂಟಿಮೀಟರಿಗಿಂತ ಕೆಳಗೆ ಬಂದರೆ ಬಿರುಕು ಶುರು, ಮೂರಕ್ಕೆ ಇಳಿದರೆ ಜೋರು. ಈಗ ಡಿಎಸ್‌ಆರ್ ಇರುವವರು ಗ್ಲೋವರ್-ರೋ ಅಂತ ಲೆಕ್ಕ ಹಾಕುತ್ತಾರಲ್ಲ, ಅದರ 180 ಮತ್ತು 600 ಕಿಲೋಪ್ಯಾಸ್ಕಲ್ ಗಡಿಗಳು ಈ ಐದು ಮತ್ತು ಮೂರು ಸೆಂಟಿಮೀಟರಿನಿಂದಲೇ ಬಂದವು. ಅಂದರೆ ಹಳೇ ಟೆಸ್ಟೇ ಹೊಸ ಮಿಷನ್‌ಗೆ ಬೇರು. ಇದು ಗೊತ್ತಾದ ದಿನ ನಾನು ಕೊಟೇಷನ್ ಕಾಗದಗಳನ್ನೆಲ್ಲ ಎತ್ತಿಟ್ಟೆ.

ಡಕ್ಟಿಲಿಟಿ ಮಿಷನ್ ಮುಚ್ಚಿಹೋದ ಒಂದು ಕ್ವಾಲಿಟಿ ಲ್ಯಾಬಿನಿಂದ ಇಪ್ಪತ್ತೈದು ಸಾವಿರದ ಆಸುಪಾಸಿಗೆ ಸಿಕ್ಕಿತು. ಎರಡು ವೇಗದ್ದು. ಒಂದು ಸೆಂಟಿಮೀಟರ್ ವೇಗದ ಗೇರನ್ನು ಅದುವರೆಗೆ ಯಾರೂ ಮುಟ್ಟಿಯೇ ಇರಲಿಲ್ಲ. ಹಿಂದಿನವರ ಗ್ರೀಸು ಹಾಗೇ ಇತ್ತು.

ತಲೆನೋವು ಶುರುವಾಗಿದ್ದು ನೀರಿನಿಂದ. ನಮ್ಮ ನಲ್ಲಿ ನೀರು 26, 27 ಡಿಗ್ರಿ. ಮೊದಲು ಐಸ್ ತರಿಸಿದೆ. ದಿನಕ್ಕೆ ಇನ್ನೂರು ರೂಪಾಯಿ ಐಸಿಗೇ ಹೋಗುತ್ತಿತ್ತು. ತೊಟ್ಟಿಯ ಒಂದು ತುದಿ 13, ಇನ್ನೊಂದು ತುದಿ 17 ತೋರಿಸುತ್ತಿತ್ತು. ಒಂದು ಡಿಗ್ರಿ ವ್ಯತ್ಯಾಸ ಬಂದರೂ ಈ ಟೆಸ್ಟಿನಲ್ಲಿ ಫಲಿತಾಂಶ ಕೆಡುತ್ತದೆ. ಕೊನೆಗೆ ಗುಜರಿಯಲ್ಲಿ ಹಾಲು ತಣ್ಣಗೆ ಮಾಡುವ ಹಳೇ ಕೂಲರಿನ ಕಂಪ್ರೆಸರ್ ಸಿಕ್ಕಿತು. ನಮ್ಮ ಕಡೆ ಹಾಲಿನ ವ್ಯವಹಾರ ಜಾಸ್ತಿ, ಇಂಥವು ಸಿಗುತ್ತವೆ. ಅದಕ್ಕೆ ತಾಮ್ರದ ಪೈಪಿನ ಸುರುಳಿ, ಸಣ್ಣ ಪಂಪು, ಒಂದು ಕಂಟ್ರೋಲರ್ ಹಾಕಿಸಿದೆ. ಹದಿನೆಂಟು ಸಾವಿರ ಬಿತ್ತು. ಈಗ ನೀರು ಅರ್ಧ ಡಿಗ್ರಿಯೊಳಗೆ ನಿಲ್ಲುತ್ತದೆ. ಎಳೆಯುವ ಹೊತ್ತಿನಲ್ಲಿ ಪಂಪು ಆಫ್ ಮಾಡಿ, ಇಲ್ಲದಿದ್ದರೆ ನೀರಿನ ಓಟಕ್ಕೆ ಎಳೆದ ಡಾಂಬರಿನ ದಾರ ಅಲುಗುತ್ತದೆ.

ಎರಡನೇ ಕಾಟ ಬೆಲ್ಟು. ಮುದಿ ಡಾಂಬರು 15 ಡಿಗ್ರಿಯಲ್ಲಿ ಭಾರಿ ಗಡಸು. ಮೂರು ಅಚ್ಚು ಒಟ್ಟಿಗೆ ಹಾಕಿದರೆ ಬೆಲ್ಟು ಜಾರುತ್ತಿತ್ತು, ಮೋಟಾರ್ ಸುಮ್ನೆ ಕೂಗುತ್ತಿತ್ತು. ಈಗ ಒಂದೊಂದೇ ಎಳೆಯುತ್ತೇನೆ. ಕೆಲವು ಸಲ ನಡುವೆ ಕಡಿಯದೆ ಹಿಡಿಯ ಹತ್ತಿರವೇ ಕಡಿಯುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹುಯ್ಯುವಾಗ ಗುಳ್ಳೆ ಸೇರಿರುತ್ತದೆ. ಗುಳ್ಳೆ ಹೋಗಲು ನಾನು ಒಂದು ಉಪಾಯ ಮಾಡುತ್ತೇನೆ, ಅದು ನನ್ನಲ್ಲೇ ಇರಲಿ. ಒಂದು ಅನುಕೂಲ ಏನೆಂದರೆ, ಹೊಸ ಡಾಂಬರಿನ ದಾರ ಮುಳುಗದ ಹಾಗೆ ನೀರಿಗೆ ಉಪ್ಪು ಹಾಕಿ ಒದ್ದಾಡುತ್ತೇವಲ್ಲ, ಆ ಗೋಳು ಇಲ್ಲಿ ಇಲ್ಲ. ಹತ್ತು ಸೆಂಟಿಮೀಟರಿನ ಒಳಗೇ ಕಥೆ ಮುಗಿಯುತ್ತದೆ.

ಇನ್ನು ಮುದಿ ಮಾಡುವ ಕೆಲಸ. ದುಡ್ಡು, ಸಮಯ ಎರಡೂ ಹೋಗಿದ್ದು ಇಲ್ಲೇ. ಮೊದಲ ಹಂತಕ್ಕೆ ಮಾಮೂಲಿ ತಿನ್ ಫಿಲ್ಮ್ ಓವನ್, 163 ಡಿಗ್ರಿ, 5 ಗಂಟೆ, ತಟ್ಟೆಗೆ 50 ಗ್ರಾಂ. ಪ್ಲಾಂಟಿನಲ್ಲಿ ಜಲ್ಲಿ ಜೊತೆ ಕಲಸುವಾಗ ಆಗುವ ಮುಪ್ಪು ಇಷ್ಟಕ್ಕೆ ಬರುತ್ತದೆ. ಆಮೇಲೆ ಅದನ್ನು ಇನ್ನೂ ತೆಳುವಾಗಿ ಬೇರೆ ತಟ್ಟೆಗಳಿಗೆ ಹಂಚುತ್ತೇನೆ. 140 ಮಿಲಿಮೀಟರ್ ತಟ್ಟೆಗೆ ಹನ್ನೆರಡೂವರೆ ಗ್ರಾಂ ಹಾಕಿದರೆ 0.8 ಮಿಲಿಮೀಟರ್ ಪದರ ಆಗುತ್ತದೆ. ಪದರ ಇಷ್ಟು ತೆಳುವಿದ್ದರೆ ಒತ್ತಡ ಇಲ್ಲದೆಯೂ ಗಾಳಿ ಒಳಗೆ ಹೋಗುತ್ತದೆ. ಈ ತಟ್ಟೆಗಳು ಸಾಮಾನ್ಯ ಹಾಟ್ ಏರ್ ಓವನ್ನಿನಲ್ಲಿ 95ರಿಂದ 100 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಒಂದು ವಾರ ಕೂರುತ್ತವೆ.

ಓವನ್ನಿನ ಒಳಗಿನ ಹಲಗೆ ಮಟ್ಟ ಇಲ್ಲದಿದ್ದರೆ ಡಾಂಬರು ಒಂದು ಕಡೆ ಹರಿದು ನಿಲ್ಲುತ್ತದೆ. ಒಂದು ಬದಿ ಒಣಗಿರುತ್ತದೆ, ಇನ್ನೊಂದು ಬದಿ ಹಸಿಯಾಗಿಯೇ ಇರುತ್ತದೆ. ಮಟ್ಟಗೋಲು ಇಟ್ಟು ಗ್ರಾನೈಟ್ ಹಾಸು ಕೂರಿಸಿದ ಮೇಲೆ ಸರಿಯಾಯಿತು. ಓವನ್ನಿನ ಫ್ಯಾನ್ ಗಾಳಿ ಎಲ್ಲ ತಟ್ಟೆಗೂ ಒಂದೇ ಸಮ ಬೀಳಲು ಒಳಗೆ ಒಂದು ತಗಡು ಮಡಿಸಿ ಇಟ್ಟಿದ್ದೇನೆ. ಅದರ ಆಕಾರ ಇಲ್ಲಿ ಹೇಳುವುದಿಲ್ಲ. ನೀವೇ ಎರಡು ತಿಂಗಳು ಕೂತರೆ ಸಿಗುತ್ತದೆ.

ಬೇಗ ಮುಗಿಸೋಣ ಅಂತ 135 ಡಿಗ್ರಿಗೆ ಏರಿಸಿ ನೋಡಿದ್ದೂ ಉಂಟು. ಎರಡು ದಿನಕ್ಕೆ ಆಗುತ್ತದೆ. ಆದರೆ ಮೇಲೆ ಹಾಲಿನ ಕೆನೆಯ ಹಾಗೆ ಒಂದು ಪೊರೆ ಕಟ್ಟುತ್ತದೆ, ಕೆಳಗೆ ಮೆತ್ತಗೆ ಉಳಿಯುತ್ತದೆ. ಅದೂ ಅಲ್ಲದೆ 100 ಡಿಗ್ರಿ ದಾಟಿಸಿದರೆ ಆಗುವ ಮುಪ್ಪೇ ಬೇರೆ ಜಾತಿಯದು, ರಸ್ತೆ ಮೇಲೆ ಆಗುವುದು ಅದಲ್ಲ. ಅಮೆರಿಕದವರೂ ಮಿಕ್ಸ್ ಮುದಿ ಮಾಡಲು 95 ಡಿಗ್ರಿಗೇ ನಿಂತಿದ್ದಾರೆ. ಇನ್ನು ಕರೆಂಟು. ನಾಲ್ಕನೇ ದಿನ ರಾತ್ರಿ ಹೋಗಿ ಬೆಳಿಗ್ಗೆ ಬಂದರೆ ಇಡೀ ಬ್ಯಾಚ್ ಬಿಸಾಕಬೇಕು. ಹಾಗೆ ಹೋದ ಬ್ಯಾಚುಗಳ ಲೆಕ್ಕ ಇಟ್ಟಿಲ್ಲ. ಇನ್ವರ್ಟರ್ ಓವನ್ನನ್ನು ಎಳೆಯುವುದಿಲ್ಲ, ಸಣ್ಣ ಜನರೇಟರ್ ತಂದೆ. ಒಂದೂಕಾಲು ಲಕ್ಷದಲ್ಲಿ ದೊಡ್ಡ ಪಾಲು ಅದರದೇ.

ಎಷ್ಟು ದಿನ ಇಟ್ಟರೆ ರಸ್ತೆಗೆ ಸಮ ಅನ್ನುವುದನ್ನು ಗೊತ್ತು ಮಾಡಿಕೊಂಡಿದ್ದು ಹೀಗೆ. ಐದಾರು ವರ್ಷ ಹಳೆಯ ರಸ್ತೆಯ ಕೋರಿನಿಂದ ಮೈಸೂರಿನ ಒಂದು ಲ್ಯಾಬಿನಲ್ಲಿ ಡಾಂಬರು ವಾಪಸ್ ತೆಗೆಸಿದೆ. ಅದರ ಸಾಫ್ಟನಿಂಗ್ ಪಾಯಿಂಟ್ 61, 62 ಬಂತು. ನನ್ನ ತಟ್ಟೆಯ ಡಾಂಬರು ಅದೇ ಅಂಕಿಗೆ ಬರುವವರೆಗೆ ಇಟ್ಟೆ. ಪೆನಿಟ್ರೇಷನ್ ನೋಡಬಹುದಿತ್ತು, ಆದರೆ ಡಬ್ಬಿ ತುಂಬಲು ಮಾಲು ಜಾಸ್ತಿ ಬೇಕು. ಹನ್ನೆರಡೂವರೆ ಗ್ರಾಂ ತಟ್ಟೆಯಿಂದ ಕೆರೆದು ತೆಗೆಯುವವರಿಗೆ ಅಷ್ಟು ಎಲ್ಲಿಂದ ಬರಬೇಕು? ಸಾಫ್ಟನಿಂಗ್ ಪಾಯಿಂಟಿಗಾದರೆ ಎರಡು ರಿಂಗು ತುಂಬುವಷ್ಟು ಸಾಕು. ವಾಪಸ್ ತೆಗೆದ ಡಾಂಬರಿನಲ್ಲಿ ಸಾಲ್ವೆಂಟ್ ಚೂರು ಉಳಿದರೂ ಅಂಕಿ ಮೆತ್ತಗೆ ಬರುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ.

ಈಗ ರಸ್ತೆಯ ಮಾತು. ಪಾಂಡವಪುರ ಕಡೆಯ ಒಂದು ಕಬ್ಬಿನ ರಸ್ತೆ. ಒಬ್ಬ ಕಂಟ್ರಾಕ್ಟರ್ ಹತ್ತಿರ ಎರಡು ಕಡೆಯಿಂದ ಬಂದ ವಿಜಿ-30 ಇತ್ತು. ಎರಡೂ ಐಎಸ್ 73 ಪಾಸು. ಹೊಸದರಲ್ಲಿ ಎರಡಕ್ಕೂ ಪೆನಿಟ್ರೇಷನ್ 60ರ ಹತ್ತಿರ, ವಿಸ್ಕಾಸಿಟಿಯೂ ಹತ್ತಿರ ಹತ್ತಿರ. ಮುದಿ ಮಾಡಿ ಎಳೆದಾಗ ಒಂದು ಏಳೂವರೆ ಸೆಂಟಿಮೀಟರ್ ಬಂತು, ಇನ್ನೊಂದು ಮೂರನ್ನೂ ಮುಟ್ಟಲಿಲ್ಲ. ನಾನು ಎರಡನೆಯದು ಬೇಡ ಅಂದೆ. ಕಂಟ್ರಾಕ್ಟರ್ ನಕ್ಕರು. ಬಿಲ್ ಮಾಡುವ ಇಂಜಿನಿಯರ್ ಇನ್ನೂ ಜೋರಾಗಿ ನಕ್ಕು, ಕೋಡಿನಲ್ಲಿ ಇಲ್ಲದ ಟೆಸ್ಟಿಗೆ ನಾನ್ಯಾಕೆ ಸಹಿ ಹಾಕಲಿ ಅಂದರು. ಕೋಡಿನ ಡಕ್ಟಿಲಿಟಿ 25 ಡಿಗ್ರಿಯದು. ಅದರಲ್ಲಿ ಎರಡೂ 40ರ ಗಡಿ ಆರಾಮಾಗಿ ದಾಟಿದ್ದವು. ನಾನು ಕೇಳಿದ್ದು ಒಂದೇ: ಎರಡನ್ನೂ ಹಾಕಿ, ಆದರೆ ಎಲ್ಲಿಂದ ಎಲ್ಲಿಗೆ ಯಾವುದು ಅಂತ ಬರೆದಿಡಿ. ಒಂದೇ ಪ್ಲಾಂಟು, ಒಂದೇ ಜಲ್ಲಿ, ಒಂದೇ ರೋಲರ್. ಮಿಕ್ಸ್ ಟೆಂಪರೇಚರ್ 165 ದಾಟದಂತೆ ಲಾರಿ ಹತ್ತಿರ ನಾನೇ ನಿಂತಿದ್ದೆ. ಡೆನ್ಸಿಟಿ ಎರಡೂ ಭಾಗದಲ್ಲಿ 92 ಪರ್ಸೆಂಟ್ ದಾಟಿತ್ತು.

ಮೊದಲ ವರ್ಷ ಏನೂ ಇಲ್ಲ. ಆ ವರ್ಷ ನನ್ನ ಫೋನನ್ನೂ ಯಾರೂ ಎತ್ತುತ್ತಿರಲಿಲ್ಲ, ಟೆಸ್ಟಿನ ದುಡ್ಡೂ ಬರಲಿಲ್ಲ. ಎರಡನೇ ಮಳೆಗಾಲ ಮುಗಿದ ಮೇಲೆ ಮೂರು ಸೆಂಟಿಮೀಟರಿನ ಭಾಗದ ಅಂಚಿನಲ್ಲಿ ಸಣ್ಣ ಗೆರೆ ಕಂಡಿತು. ಮೂರನೇ ಮಳೆಗಾಲಕ್ಕೆ ಜಾಯಿಂಟ್ ಬಾಯಿ ಬಿಟ್ಟಿತು, ನಡುವೆ ಚೌಕ ಚೌಕ ಬಿರುಕು ಬಂತು. ಏಳೂವರೆಯ ಭಾಗ ಇವತ್ತಿಗೂ ಕಪ್ಪಗೆ ಹಾಗೇ ಇದೆ. ಎರಡು ಕಡೆಯೂ ಕೋರ್ ತೆಗೆದು ಡಿಎಸ್‌ಆರ್ ಇರುವ ದೊಡ್ಡ ಲ್ಯಾಬಿಗೆ ಕೈಯಿಂದ ದುಡ್ಡು ಹಾಕಿ ಕಳಿಸಿದೆ, ಒಂದೊಂದಕ್ಕೆ ಹದಿನೈದು ಸಾವಿರದ ಹತ್ತಿರ. ಗ್ಲೋವರ್-ರೋ ಒಂದು 150ರ ಆಸುಪಾಸು, ಇನ್ನೊಂದು 600ಕ್ಕೆ ಸ್ವಲ್ಪ ಮೇಲೆ. ಮೂರು ವರ್ಷ ಮುಂಚೆ ಹಳೇ ಮಿಷನ್ ಹೇಳಿದ್ದನ್ನೇ ಅದೂ ಹೇಳಿತು. ನಕ್ಕಿದ್ದ ಕಂಟ್ರಾಕ್ಟರ್ ಈಗ ಪ್ರತಿ ಹೊಸ ಲೋಡಿಗೂ ಡಬ್ಬಿ ಕಳಿಸುತ್ತಾರೆ. ಹಳೇ ಬಾಕಿಯನ್ನೂ ತೀರಿಸಿದರು.

ಓವನ್ ಹೇಗೂ ಬಿಸಿ ಇರುತ್ತದೆ, ಜೊತೆಗೆ ಬೇರೆ ಬೇರೆಯವನ್ನೂ ಇಟ್ಟು ನೋಡಿದೆ. ಗ್ಯಾರೇಜಿನ ಸುಟ್ಟ ಇಂಜಿನ್ ಆಯಿಲ್ ಹಾಕಿ ಗಟ್ಟಿ ಡಾಂಬರನ್ನು ಮೆತ್ತಗೆ ಮಾಡುವವರು ಇದ್ದಾರೆ. ಹೊಸದರಲ್ಲಿ ಪೆನಿಟ್ರೇಷನ್ ಚೆನ್ನಾಗಿ ಬರುತ್ತದೆ, ಸರ್ಟಿಫಿಕೇಟೂ ಸಿಗುತ್ತದೆ. ಮುದಿ ಮಾಡಿ ಎಳೆದರೆ ಎರಡು ಸೆಂಟಿಮೀಟರಿಗೇ ಪಟ್ ಅನ್ನುತ್ತದೆ. ಮೋಸ ಹಿಡಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ಆಲೆಮನೆಯ ಕಬ್ಬಿನ ಸಿಪ್ಪೆ ಬೂದಿಯನ್ನು ಫಿಲ್ಲರ್ (ಮಿಕ್ಸಿಗೆ ಹಾಕುವ ನುಣ್ಣನೆ ಪುಡಿ) ಬದಲು ಹಾಕಿ ನೋಡಿದೆ. ಪೂರ್ತಿ ಸುಡದ ಇದ್ದಿಲು ಡಾಂಬರು ಕುಡಿಯುತ್ತದೆ, ಮಾರ್ಷಲ್‌ನಲ್ಲಿ ಬೇಕಾದ ಡಾಂಬರು ಅರ್ಧ ಪರ್ಸೆಂಟ್ ಮೇಲೆ ಹೋಯಿತು. ಬೂದಿ ಪುಕ್ಕಟೆ ಸಿಕ್ಕರೂ ಲೆಕ್ಕ ಕೂರಲಿಲ್ಲ. ಆದರೆ ಸುಣ್ಣ ಕೈ ಹಿಡಿಯಿತು. ನಮ್ಮದು ಗ್ರಾನೈಟ್ ಜಾತಿಯ ಜಲ್ಲಿ, ನೀರು ತಗುಲಿದರೆ ಡಾಂಬರು ಬಿಡುತ್ತದೆ ಅಂತ ಎರಡು ಪರ್ಸೆಂಟ್ ಹೈಡ್ರೇಟೆಡ್ ಸುಣ್ಣ ಹಾಕುತ್ತೇವಲ್ಲ, ಅದು ಮುಪ್ಪನ್ನೂ ತಡೆಯುತ್ತದೆ. ಅದೇ ಡಾಂಬರಿಗೆ ಸುಣ್ಣ ಕಲಸಿ ಇಟ್ಟಾಗ ಒಂದು ವಾರದಲ್ಲಿ ಸಾಫ್ಟನಿಂಗ್ ಪಾಯಿಂಟ್ ಏರಿದ್ದು ಮೂರು ಡಿಗ್ರಿ ಕಡಿಮೆ.

ಪಾಲಿಮರ್ ಹಾಕಿದ ಪಿಎಂಬಿಗೆ ಈ ಐದು, ಮೂರರ ಗಡಿ ಹೊಂದುವುದಿಲ್ಲ. ಅದು ಎಳೆದಾಗ ಬೇರೆ ರೀತಿ ನಡೆದುಕೊಳ್ಳುತ್ತದೆ. ಅದಕ್ಕೆ ಎಲಾಸ್ಟಿಕ್ ರಿಕವರಿಯನ್ನೇ (ಎಳೆದು ಬಿಟ್ಟಾಗ ಎಷ್ಟು ವಾಪಸ್ ಸೇರುತ್ತದೆ ಅನ್ನುವ ಟೆಸ್ಟು) ಮುದಿ ಮಾಡಿದ ಮೇಲೂ ಮಾಡಿ ಅಂಕಿ ಕೂಡಿಸುತ್ತಿದ್ದೇನೆ. ಅದು ಇನ್ನೂ ನಡೆಯುತ್ತಿದೆ.

ಈಗ ಒಂದು ಸ್ಯಾಂಪಲ್‌ಗೆ ಆರೂವರೆ ಸಾವಿರ ತೆಗೆದುಕೊಳ್ಳುತ್ತೇನೆ, ಹತ್ತು ದಿನ ಬೇಕು. ಕಳಿಸುವವರು ಎರಡು ಲೀಟರ್ ತಗಡಿನ ಡಬ್ಬಿಯಲ್ಲಿ ಕಳಿಸಿ, ಪ್ಲಾಸ್ಟಿಕ್ ಬೇಡ. ಟ್ಯಾಂಕರಿನ ವಾಲ್ವಿನಿಂದ ಮೊದಲು ಬರುವ ನಾಲ್ಕೈದು ಲೀಟರ್ ಬಿಟ್ಟು ಆಮೇಲೆ ಹಿಡಿಯಿರಿ. ಆ ದಿನದ ಪ್ಲಾಂಟ್ ಟೆಂಪರೇಚರ್ ರಿಜಿಸ್ಟರಿನ ಫೋಟೋ ಒಂದನ್ನು ಜೊತೆಗೆ ಹಾಕಿ. 180 ಡಿಗ್ರಿಯಲ್ಲಿ ಕಲಸಿದ್ದರೆ ನನ್ನ ಏಳೂವರೆ ಸೆಂಟಿಮೀಟರ್ ನಿಮ್ಮ ರಸ್ತೆಗೆ ಅನ್ವಯಿಸುವುದಿಲ್ಲ.