ಗ್ರಾಫ್ಟ್ ಹಾಕಿದ ದಿನ ಕಾಣುವ ಬಿಳಿ ಮೂಳೆಯಲ್ಲ

ಹಲ್ಲಿನ ಬೇರಿನ ತುದಿಯ ಸರ್ಜರಿ ಮಾಡಿ, ಮೂಳೆ ಕರಗಿದ ಕುಳಿಗೆ ಗ್ರಾಫ್ಟ್ (ಹೊಸ ಮೂಳೆ ಬೆಳೆಯಲು ಆಸರೆಯಾಗುವ ಹರಳಿನ ಪುಡಿ) ತುಂಬಿ, ಹೊಲಿಗೆ ಹಾಕಿದ ಮೇಲೆ ಒಂದು ಎಕ್ಸ್‌ರೇ ತೆಗೆಯುತ್ತೇನೆ. ನೋಡಿದವರೆಲ್ಲ ಕೇಳುವುದು ಒಂದೇ: "ಕಪ್ಪಗಿದ್ದ ಜಾಗ ಬೆಳ್ಳಗಾಯ್ತಲ್ಲ ಡಾಕ್ಟ್ರೇ, ಮೂಳೆ ಬಂತು ಅಲ್ವಾ?" ಬಂದಿಲ್ಲ. ಆ ಬಿಳಿ ನಾನು ಈಗಷ್ಟೇ ತುಂಬಿದ ಪುಡಿ. ಮೂಳೆಯ ಕೆಲಸ ಇನ್ನೂ ಶುರುವಾಗಬೇಕು.

ಒಂದು ಕೇಸ್ ಹೇಳುತ್ತೇನೆ. ಮಲೆನಾಡಿನ ಕಡೆಯ ಹುಡುಗ, ಶಾಲೆಯಲ್ಲಿದ್ದಾಗ ಕ್ರಿಕೆಟ್ ಬಾಲ್ ಬಡಿದು ಮೇಲಿನ ಮುಂಭಾಗದ ಹಲ್ಲು ಸತ್ತಿತ್ತು. ರೂಟ್ ಕೆನಾಲ್ ಆಗಿತ್ತು, ಬೇರಿನೊಳಗೆ ಪೋಸ್ಟ್ ಅನ್ನೋ ಆಧಾರದ ಕಡ್ಡಿ, ಮೇಲೆ ಕ್ಯಾಪ್. ಆದರೂ ವಸಡಿನಲ್ಲಿ ಗುಳ್ಳೆ ಎದ್ದು ಆಗಾಗ ಕೀವು ಸೋರುತ್ತಿತ್ತು. ಪೋಸ್ಟ್ ತೆಗೆಯಲು ಹೋದರೆ ಬೇರು ಸೀಳುವ ಭಯ, ಹಾಗಾಗಿ ವಸಡು ಬಿಡಿಸಿ ತುದಿಯ ಕಡೆಯಿಂದಲೇ ಹೋಗಬೇಕಾಯಿತು. ಸಿಬಿಸಿಟಿ ಅನ್ನೋ 3ಡಿ ಎಕ್ಸ್‌ರೇ ಸ್ಕ್ಯಾನಿನಲ್ಲಿ ತುಟಿ ಕಡೆಯ ಮೂಳೆ, ಅಂಗುಳದ ಕಡೆಯ ಮೂಳೆ ಎರಡೂ ಕರಗಿ ಆಚೆಯಿಂದ ಈಚೆಗೆ ತೂತಾಗಿತ್ತು.

ಗ್ರಾಫ್ಟ್ ಹಾಕಬೇಕೋ ಬೇಡವೋ ಅನ್ನೋದು ನನಗೆ ಇಲ್ಲೇ ತೀರ್ಮಾನವಾಗುತ್ತದೆ. ಸುತ್ತ ಗೋಡೆ ಗಟ್ಟಿಯಿರುವ ಚಿಕ್ಕ ಕುಳಿಗೆ ನಾನು ಹಾಕುವುದಿಲ್ಲ. ಚೆನ್ನಾಗಿ ಕೆರೆದು ರಕ್ತ ತುಂಬಿಕೊಳ್ಳಲು ಬಿಟ್ಟರೆ ಸಾಕು, ಸುಮ್ನೆ ಖರ್ಚು ಯಾಕೆ? ಎರಡೂ ಕಡೆ ಗೋಡೆ ಹೋಗಿದ್ದರೆ ಮಾತ್ರ ಕಷ್ಟ. ಮೂಳೆಗಿಂತ ವಸಡಿನ ಅಂಗಾಂಶ ಬೇಗ ಬೆಳೆಯುತ್ತದೆ, ಅದೇ ಒಳಗೆ ನುಗ್ಗಿ ಜಾಗ ಹಿಡಿದುಬಿಡುತ್ತದೆ.

ಗ್ರಾಫ್ಟ್ ಯಾವುದು ಅಂತ ಸರ್ಜರಿಗೆ ಮುಂಚೆಯೇ ಕೂತು ಮಾತಾಡುತ್ತೇನೆ. ದನದ ಮೂಳೆಯಿಂದ ಮಾಡಿದ್ದೂ ಇದೆ, ಅದರಲ್ಲಿ ಖನಿಜ ಭಾಗವನ್ನಷ್ಟೇ ಉಳಿಸಿರುತ್ತಾರೆ. ಹುಡುಗನ ತಾಯಿ "ಅದು ಬೇಡ ಸಾರ್" ಅಂದರು. ಸರಿ, ಹೈಡ್ರಾಕ್ಸಿಅಪಟೈಟ್ ಮತ್ತು ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅನ್ನೋ ಎರಡು ಕ್ಯಾಲ್ಸಿಯಂ ಖನಿಜ ಬೆರೆಸಿದ ಸಿಂಥೆಟಿಕ್ ಗ್ರಾಫ್ಟ್ ತರಿಸಿದೆ. ಹೇಳದೇ ಹಾಕುವುದು ನನ್ನ ಲೆಕ್ಕದಲ್ಲಿ ತಪ್ಪು.

ಸರ್ಜರಿಯಲ್ಲಿ ಬೇರಿನ ತುದಿಯನ್ನು 3 ಮಿಲಿಮೀಟರ್ ಕತ್ತರಿಸಿ, ಒಳಗೆ ಇನ್ನೊಂದು 3 ಮಿಲಿಮೀಟರ್ ಕೊರೆದು ಎಂಟಿಎ ಅನ್ನೋ ಹಲ್ಲಿನ ಸಿಮೆಂಟ್ ತುಂಬಿದೆ. ಬೇರಿನೊಳಗಿನಿಂದ ರೋಗಾಣುಗಳ ಸೋರಿಕೆ ನಿಲ್ಲಿಸುವುದು ಇದೇ. ಇದು ಸರಿಯಾಗದಿದ್ದರೆ ಎಂಥ ದುಬಾರಿ ಗ್ರಾಫ್ಟ್ ಹಾಕಿದರೂ ವೇಸ್ಟ್. ಕೆರೆದು ತೆಗೆದದ್ದು ಫಾರ್ಮಲಿನ್‌ನಲ್ಲಿ ಬಯಾಪ್ಸಿಗೆ ಹೋಯಿತು.

ಆಮೇಲೆ ಕುಳಿಯ ಗೋಡೆಯನ್ನು ಮತ್ತೊಮ್ಮೆ ಮೆಲ್ಲಗೆ ಕೆರೆಯುತ್ತೇನೆ, ರಕ್ತ ಜಿನುಗಬೇಕು. ಆ ರಕ್ತದಲ್ಲೇ ಗ್ರಾಫ್ಟ್‌ನ ಹರಳುಗಳನ್ನು ನೆನೆಸುತ್ತೇನೆ. ಒಣಗಿದ್ದಾಗ ಚೆಲ್ಲಾಡುವ ಹರಳು ನೆನೆದ ಮೇಲೆ ಒಂದಕ್ಕೊಂದು ಅಂಟಿ ಕೆಂಪು ಮುದ್ದೆಯಾಗುತ್ತದೆ. ಅದನ್ನು ಕುಳಿಗೆ ಸಡಿಲವಾಗಿ ಇಡಬೇಕು. ಒತ್ತಿ ಒತ್ತಿ ತುಂಬಿದರೆ ಹೊಸ ರಕ್ತನಾಳ ನುಗ್ಗಲು ಸಂದು ಎಲ್ಲಿ ಸಿಗುತ್ತೆ? ಗ್ರಾಫ್ಟ್ ಬರೀ ಚಪ್ಪರ, ಬಳ್ಳಿ ಹಬ್ಬಬೇಕಾದ್ದು ನಮ್ಮದೇ ಮೂಳೆಯಿಂದ. ವಸಡು ಒಳಗೆ ನುಗ್ಗದಂತೆ ಮೇಲೆ ಕೊಲಾಜನ್ ಮೆಂಬ್ರೇನ್ ಅನ್ನೋ ತೆಳು ಪೊರೆ ಹೊದಿಸಿ ಹೊಲಿದೆ.

ಮೇಲಿನ ವಸಡು ಒಂದೆರಡು ವಾರದಲ್ಲಿ ಕೂಡಿಕೊಳ್ಳುತ್ತದೆ, ನೋವೂ ಇರುವುದಿಲ್ಲ, ಹಾಗಾಗಿ ಎಲ್ಲ ಮುಗಿಯಿತು ಅಂದುಕೊಂಡು ಜನ ಫಾಲೋ-ಅಪ್‌ಗೆ ಬರುವುದನ್ನೇ ಬಿಡುತ್ತಾರೆ. ಒಳಗೆ ನಡೆಯುವುದೇ ಬೇರೆ. ಮೊದಲ ವಾರ ಹೆಪ್ಪುಗಟ್ಟಿದ ರಕ್ತದೊಳಗೆ ಎಳೆಯ ನಾಳಗಳು ಹುಟ್ಟುತ್ತವೆ. ಎರಡು ಮೂರು ವಾರಕ್ಕೆ ಗೋಡೆಯ ಅಂಚಿನಿಂದ ಒರಟು ಎಳೆ ಮೂಳೆ ಶುರುವಾಗಿ ಮಧ್ಯಕ್ಕೆ ಬರುತ್ತದೆ. ಅದು ಗಟ್ಟಿ ಪದರದ ಮೂಳೆಯಾಗಲು ತಿಂಗಳುಗಟ್ಟಲೆ ಬೇಕು. ಸಿಗರೇಟು, ಗುಟ್ಕಾ ಇದ್ದರೆ ಇನ್ನೂ ಜಾಸ್ತಿ, ಶುಗರ್ ಹಿಡಿತದಲ್ಲಿ ಇಲ್ಲದಿದ್ದರೂ ಅಷ್ಟೇ.

6 ತಿಂಗಳ ಎಕ್ಸ್‌ರೇಯಲ್ಲಿ ನಾನು ಬಿಳಿ ಹುಡುಕುವುದಿಲ್ಲ. ಹರಳಿನ ಅಂಚು ಮಸುಕಾಗಿದೆಯಾ, ನಡುವೆ ಮೂಳೆಯ ಸಣ್ಣ ಗೆರೆ ಮೂಡಿದೆಯಾ, ಬೇರಿನ ತುದಿ ಸುತ್ತ, ಬೇರಿಗೂ ಮೂಳೆಗೂ ನಡುವೆ ಸಹಜವಾಗಿ ಕಾಣುವ ತೆಳು ರೇಖೆ ಮರಳಿದೆಯಾ ನೋಡುತ್ತೇನೆ. ಟ್ರೈಕ್ಯಾಲ್ಸಿಯಂ ಕರಗುತ್ತಾ ಹೋಗುತ್ತದೆ, ಹೈಡ್ರಾಕ್ಸಿಅಪಟೈಟ್ ವರ್ಷಗಟ್ಟಲೆ ಹಾಗೇ ಉಳಿಯಬಹುದು. ಗ್ರಾಫ್ಟ್ ಸುತ್ತ ಕಪ್ಪು ಅಂಚು ಬಂದರೆ ಮಾತ್ರ ಚಿಂತೆ.

ಹುಡುಗನ ಗುಳ್ಳೆ ಹೋಗಿದೆ, ಹಲ್ಲು ಅಲ್ಲಾಡುವುದಿಲ್ಲ. ವರ್ಷದ ನಂತರ ಅಂಗುಳದ ಕಡೆ ಚಿಕ್ಕ ಕಪ್ಪು ಚುಕ್ಕೆ ಉಳಿದಿತ್ತು. ಆಚೆ-ಈಚೆ ತೂತಾದ ಕೇಸುಗಳಲ್ಲಿ ಹೀಗೆ ಮೂಳೆ ಬದಲು ಗಾಯದ ಕಲೆಯಂಥ ನಾರು ತುಂಬಿಕೊಳ್ಳುವುದುಂಟು. ಬೇರಿನಿಂದ ದೂರವಿದ್ದು, ಬೆಳೆಯದಿದ್ದರೆ ನಾನು ಮುಟ್ಟುವುದಿಲ್ಲ, ವರ್ಷಕ್ಕೊಮ್ಮೆ ಅದೇ ಕೋನದಲ್ಲಿ ಎಕ್ಸ್‌ರೇ ತೆಗೆದು ಹೋಲಿಸುತ್ತೇನೆ. ಅವನ ಫೋನಿಗೆ ಸರ್ಜರಿ ದಿನದ ಫಿಲ್ಮಿನಿಂದ ಹಿಡಿದು ಎಲ್ಲವನ್ನೂ ಹಾಕಿಕೊಟ್ಟಿದ್ದೇನೆ. ನಾಳೆ ಕೆಲಸಕ್ಕೆ ಅಂತ ಬೇರೆ ಊರು ಸೇರಿದರೆ, ಅಲ್ಲಿನ ಡಾಕ್ಟರ್ ಹಳೆಯದನ್ನು ನೋಡದೇ ಇದನ್ನು ಸೋಂಕು ಅಂದುಕೊಂಡು ಹಲ್ಲು ಕೀಳುವುದು ಬೇಡ.