ಮನೆ ಮಾರುವಾಗ ಏಜೆಂಟರೊಡನೆ ಮಾಡಿಕೊಂಡ ಕರಾರು: ನನ್ನ ಅನುಭವ

ಕಲಬುರಗಿಯ ಸೇಡಂ ರಸ್ತೆಯ ಬಡಾವಣೆಯೊಂದರಲ್ಲಿ ಅಪ್ಪ ಕಟ್ಟಿಸಿದ, ಶಹಾಬಾದ್ ಕಲ್ಲು ಹಾಸಿದ ಮನೆಯನ್ನು 2025ರಲ್ಲಿ ಮಾರಬೇಕಾಯಿತು. ಮೊದಲು ಬಂದ ಏಜೆಂಟರು, "ನಿಮ್ಗ ಎಷ್ಟು ಬೇಕು ಹೇಳ್ರಿ ಸರ್, ಮ್ಯಾಲಿಂದು ನಂದು" ಎಂದರು. ಕಮಿಷನ್ ಉಳಿಯಿತೆಂದು ಒಪ್ಪಿದೆ. ಎರಡು ತಿಂಗಳಾದರೂ ವ್ಯವಹಾರ ಕುದುರಲಿಲ್ಲ. ಮನೆ ನೋಡಿ ಹೋಗಿದ್ದ ದಂಪತಿ ಮದುವೆಯೊಂದರಲ್ಲಿ ಸಿಕ್ಕು, ತಮಗೆ ಹೇಳಿದ ಬೆಲೆ ಕೇಳಿಯೇ ಹಿಂದೆ ಸರಿದೆವೆಂದರು. ಅದು ನಾನು ಹೇಳಿದ್ದಕ್ಕಿಂತ ಆರು ಲಕ್ಷ ಹೆಚ್ಚಾಗಿತ್ತು.

ಎರಡನೆಯ ಏಜೆಂಟರು ಬೆಲೆಗಿಂತ ಮೊದಲು ಕಾಗದ ಕೇಳಿದರು. ನನಗೆ ನಂಬಿಕೆ ಹುಟ್ಟಿದ್ದು ಅಲ್ಲಿಯೇ. ಖಾತಾ ಇನ್ನೂ ಅಪ್ಪನ ಹೆಸರಿನಲ್ಲಿತ್ತು. ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಂತ ಗಳಿಕೆಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಬೀದರಿನಲ್ಲಿರುವ ತಂಗಿಗೂ ನನ್ನಷ್ಟೇ ಪಾಲಿದೆ. ಅವ್ವನೂ ಇಲ್ಲವಾದ್ದರಿಂದ ಇಬ್ಬರ ಹೆಸರಿಗೆ ಖಾತಾ ಬದಲಾಯಿಸಿ, ಮಹಾನಗರ ಪಾಲಿಕೆಯಿಂದ ಇ-ಖಾತಾ ಪಡೆದು, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ, ಆಸ್ತಿಯ ಮೇಲೆ ಸಾಲವೇನಾದರೂ ಇದೆಯೇ ಎಂದು ತೋರಿಸುವ ಋಣಭಾರ ಪ್ರಮಾಣಪತ್ರ ತೆಗೆಸಿದ ಮೇಲೆಯೇ ಮನೆ ತೋರಿಸಲು ಆರಂಭಿಸಿದೆವು.

ಅವರೊಡನೆ ಒಂದು ಹಾಳೆಯ ಕರಾರು ಬರೆದುಕೊಂಡೆ. ಕಮಿಷನ್ ಶೇಕಡಾ 1, ಅದೂ ನೋಂದಣಿಯ ದಿನ. ಅವಧಿ ಮೂರು ತಿಂಗಳು. ಕೊಳ್ಳುವವರು ಬೆಲೆಯನ್ನು ನನ್ನೆದುರೇ ಮಾತಾಡಬೇಕು. ಅವರಿಂದಲೂ ಕಮಿಷನ್ ಪಡೆಯುವುದಾದರೆ ಮೊದಲೇ ನನಗೆ ತಿಳಿಸಬೇಕು. ಇವುಗಳಲ್ಲಿ ಮೂರನೆಯದನ್ನು ನಾನು ಯಾವ ಕಾರಣಕ್ಕೂ ಬಿಟ್ಟುಕೊಡುತ್ತಿರಲಿಲ್ಲ.

62 ಲಕ್ಷಕ್ಕೆ ಮಾತಾಯಿತು. ಇಸಾರದಲ್ಲಿ (ಮುಂಗಡದಲ್ಲಿ) ಮೂರು ಲಕ್ಷ ನಗದು ಕೊಡುತ್ತೇವೆಂದು ಕೊಳ್ಳುವವರು ಹೇಳಿದರು. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆದರೆ ಪಡೆದವರಿಗೇ ಅಷ್ಟೇ ಮೊತ್ತದ ದಂಡ ಬೀಳಬಹುದಾದ್ದರಿಂದ ಪೂರ್ತಿ ಹಣವನ್ನು ಬ್ಯಾಂಕಿನ ಮೂಲಕವೇ ಪಡೆದೆವು. ಬೆಲೆ 50 ಲಕ್ಷ ದಾಟಿದ್ದರಿಂದ ಕೊಳ್ಳುವವರು ಶೇಕಡಾ 1 ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕಿತ್ತು. ಮಾರುವವರು ಇಬ್ಬರಾದ ಕಾರಣ ನನಗೂ ತಂಗಿಗೂ ಬೇರೆ ಬೇರೆ ಫಾರಂ ತುಂಬಬೇಕೆಂದು ಏಜೆಂಟರೇ ನೆನಪಿಸಿದರು. ಇಲ್ಲವಾದರೆ ತಂಗಿಯ ಪಾಲಿನ ತೆರಿಗೆಯೂ ನನ್ನ ಪ್ಯಾನಿಗೆ ಜಮೆಯಾಗುತ್ತಿತ್ತು.

ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು, ಸಹಿಗಳೆಲ್ಲ ಮುಗಿದ ಮೇಲೆ ಏಜೆಂಟರಿಗೆ 62,000 ರೂಪಾಯಿಯ ಚೆಕ್ ಕೊಟ್ಟು ರಸೀದಿ ಪಡೆದೆ. ಸಂಜೆ ನಾನು, ತಂಗಿ, ಏಜೆಂಟರು ಮೂವರೂ ಮನೆಗೆ ಹೋಗಿ, ಜೆಸ್ಕಾಂ ವಿದ್ಯುತ್ ಮೀಟರಿನ ಅಂಕಿಯನ್ನು ಬರೆದುಕೊಂಡು, ಬೀಗದ ಕೈಯನ್ನು ಹೊಸಬರಿಗೆ ತಂಗಿಯೇ ಒಪ್ಪಿಸಿದಳು.