ಬಫ್ ಚಕ್ರ ಹೊಳಪು ಕೊಡುತ್ತದೆ, ಗೀರು ಮುಚ್ಚುವುದಿಲ್ಲ

ಡಬ್ಬಿ, ಬಟ್ಟಲು, ಪೆನ್ನು, ಚಾಕುವಿನ ಹಿಡಿಯಂಥ ಕಟ್ಟಿಗೆಯ ಸಣ್ಣ ಸಾಮಾನಿಗೆ ಕಡೆಯ ಹೊಳಪನ್ನು ನಾನು ಬಫ್ ಚಕ್ರದ ಮೇಲೇ ಕೊಡುತ್ತೇನೆ. ಅರ್ಧ ಎಚ್.ಪಿ. ಸಿಂಗಲ್ ಫೇಸ್ ಮೋಟರ್, ನಿಮಿಷಕ್ಕೆ 1440 ಸುತ್ತು, 8 ಇಂಚಿನ ಅರಿವೆ ಚಕ್ರ. ಅಂಚಿನ ವೇಗ ಸೆಕೆಂಡಿಗೆ ಸುಮಾರು 15 ಮೀಟರ್ ಬರುತ್ತದೆ, ಕಟ್ಟಿಗೆಗೆ ಅಷ್ಟು ಸಾಕು. ಅದೇ ಚಕ್ರವನ್ನು 2800 ಸುತ್ತಿನ ಗ್ರೈಂಡರಿಗೆ ಹಾಕಿದರೆ ವೇಗ ಹತ್ತಿರ ಹತ್ತಿರ ದುಪ್ಪಟ್ಟು. ಅರಗಿನ ಪಾಲಿಶ್ ಬಿಸಿಯಾಗಿ ಕಿತ್ತು ಬರುತ್ತದೆ. ಗ್ರೈಂಡರ್ ಬಿಟ್ಟು ಬೇರೆ ಇಲ್ಲ ಅಂದರೆ 4 ಇಂಚಿನ ಚಕ್ರ ಹಾಕಿ.

ಬೆಳಗಾವಿ ಫೌಂಡ್ರಿಗಳ ಊರು. ಉದ್ಯಮಬಾಗದಂಥ ಕಡೆ ಬಫಿಂಗ್ ಅಂದರೆ ಮೊದಲು ಲೋಹದ ಕೆಲಸವೇ. ಅದಕ್ಕೆ ಬಳಸುವ ಸೆಣಬಿನಂಥ ಒರಟು ಚಕ್ರ ನಮಗೆ ಬೇಡ, ಮೆತ್ತನೆಯ ಹತ್ತಿಯದೇ ಬೇಕು. ಲೋಹಕ್ಕೆಂದು ಚಕ್ರಕ್ಕೆ ಹಚ್ಚುವ ಹೊಳಪಿನ ಮಸಾಲೆಯ ಹಸಿರು ಬಾರ್ ಕೂಡ ಬೇಡ, ತಿಳಿಬಣ್ಣದ ಕಟ್ಟಿಗೆಗೆ ಹಸಿರು ಹಿಡಿಸುತ್ತದೆ. ಕಬ್ಬಿಣಕ್ಕೆ ಬಳಸಿದ ಹಳೇ ಚಕ್ರ ಅಗ್ಗಕ್ಕೆ ಸಿಕ್ಕರೂ ತರಬೇಡಿ: ಅದರಲ್ಲಿ ಉಳಿದ ಕಬ್ಬಿಣದ ಪುಡಿ ಜಾಲಿಯಂಥ ಒಗರಿನ ಕಟ್ಟಿಗೆಯಲ್ಲಿ ಕೂತು, ತೇವ ತಗುಲಿದಾಗ ನೀಲಿಗಪ್ಪು ಕಲೆಯಾಗುತ್ತದೆ.

ಚಕ್ರ ಮೂರು ಇರಲಿ. ಒಂದಕ್ಕೆ ಕಂದು ಟ್ರಿಪೋಲಿ (ಉಜ್ಜುವ ಪುಡಿ ಕಲಸಿದ ಮಸಾಲೆಯ ಬಾರ್), ಒಂದಕ್ಕೆ ಅದಕ್ಕಿಂತ ನಯವಾದ ಬಿಳಿ ಬಾರ್, ಮೂರನೆಯದಕ್ಕೆ ಕಾರ್ನೌಬಾ ಎಂಬ ತಾಳೆಜಾತಿಯ ಗಿಡದ ಗಟ್ಟಿ ಮೇಣ. ಒಂದರ ಮಸಾಲೆ ಇನ್ನೊಂದಕ್ಕೆ ತಾಗಬಾರದು, ಬೇರೆ ಬೇರೆ ಚೀಲದಲ್ಲಿ ಹೆಸರು ಬರೆದಿಡಿ. ಹೊಸ ಚಕ್ರಕ್ಕೆ ಮೊದಲು ಹಲಗೆಗೆ ಅಂಟಿಸಿದ 80 ನಂಬರ್ ಮರಳು ಕಾಗದ ಹಿಡಿದು ಸಡಿಲ ಎಳೆಗಳನ್ನು ಉದುರಿಸಬೇಕು.

ನಿಜವಾದ ಕೆಲಸ ಇರುವುದು ಚಕ್ರಕ್ಕಿಂತ ಮೊದಲು. ಟ್ರಿಪೋಲಿ 220 ನಂಬರಿನ ಮರಳು ಕಾಗದ ಬಿಟ್ಟ ಗೀರನ್ನು ತೆಗೆಯುವುದಿಲ್ಲ, ಇನ್ನೂ ಎದ್ದು ಕಾಣುವಂತೆ ಮಾಡುತ್ತದೆ. 150, 220, 320, 400 ಹೀಗೆ ನಂಬರ್ ಹಾರಿಸದೆ ಉಜ್ಜಿ, ಪ್ರತಿ ಸಲ ದೂಳು ಒರೆಸಿ, ದೀಪವನ್ನು ಓರೆಯಾಗಿ ಹಿಡಿದು ನೋಡಿ. ಸಾಗವಾನಿ, ಶೀಸಂಗಳ ರಂಧ್ರ ದೊಡ್ಡವು. ಅವನ್ನು ಮೊದಲೇ ತುಂಬದಿದ್ದರೆ ಬಿಳಿ ಮಸಾಲೆ ಒಳಗೆ ಕೂತು ಸುಣ್ಣ ಬಳಿದಂತೆ ಕಾಣುತ್ತದೆ.

ಪಾಲಿಶ್ ಪೂರ್ತಿ ಒಣಗಿರಬೇಕು. ಅರಗಿನ ಸ್ಪಿರಿಟ್ ಪಾಲಿಶಿಗೆ ನಾನು ಒಂದು ವಾರ, ಅಗಸೆ ಎಣ್ಣೆಗೆ ಎರಡು ಮೂರು ವಾರ ಬಿಡುತ್ತೇನೆ. ಬೆಳಗಾವಿಯ ಮಳೆಗಾಲದಲ್ಲಿ ಎಣ್ಣೆಗೆ ತಿಂಗಳು ಹಿಡಿದರೂ ಆಶ್ಚರ್ಯವಿಲ್ಲ, ಅರಗಿನ ಪಾಲಿಶ್ ಹಚ್ಚುವಾಗಲೇ ತೇವ ಹೀರಿ ಬೆಳ್ಳಗಾಗುತ್ತದೆ. ಜಡಿಮಳೆ ಇದ್ದಾಗ ಹಚ್ಚದಿರುವುದೇ ಲೇಸು. ಕಾಣದ ಜಾಗದಲ್ಲಿ ಉಗುರು ಒತ್ತಿ, ಗುರುತು ಬಿದ್ದರೆ ಇನ್ನೂ ಕಾಯಿರಿ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ.

ಬಾರನ್ನು ತಿರುಗುವ ಚಕ್ರಕ್ಕೆ ಎರಡು ಸೆಕೆಂಡ್ ತಾಗಿಸಿದರೆ ಸಾಕು. ಸಾಮಾನನ್ನು ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಹಿಡಿದು ಮೆಲ್ಲಗೆ ಸರಿಸುತ್ತಿರಿ. ಚಕ್ರ ಯಾವಾಗಲೂ ಅಂಚಿನಿಂದ ಹೊರಕ್ಕೆ ಹರಿಯಬೇಕು. ಅಂಚು ಎದುರಾದರೆ ಸಾಮಾನು ಕೈತಪ್ಪಿ ಗೋಡೆಗೆ ಬಡಿಯುತ್ತದೆ. ಮೋಟರಿನ ಕೆಳಗೆ ಹಳೆಯ ಕೌದಿ ಹಾಸಿ. ಕನ್ನಡಕ, ಮಾಸ್ಕ್ ಹಾಕಿ. ಕೈಗವಸು, ಹೆಗಲ ಮೇಲಿನ ಟವೆಲ್ ಎರಡೂ ಬೇಡ.

ಕಪ್ಪು ಗೆರೆ ಬಂದರೆ ಮಸಾಲೆ ಹೆಚ್ಚಾಗಿದೆ ಎಂದರ್ಥ: ಟರ್ಪೆಂಟೈನ್ ಸೋಕಿಸಿದ ಅರಿವೆಯಿಂದ ಒರೆಸಿ, ಚಕ್ರವನ್ನು ಮತ್ತೆ ಕೆರೆಯಿರಿ. ಮೂಲೆಯಲ್ಲಿ ಕಟ್ಟಿಗೆ ಬಯಲಾದರೆ ಒತ್ತಿದ್ದು ಜಾಸ್ತಿ. ಅಲ್ಲಿ ಮತ್ತೆ ಪಾಲಿಶ್ ಹಚ್ಚದೆ ಗತಿಯಿಲ್ಲ. ಗೋಕಾಕದ ಗೊಂಬೆಯಂಥ ಬಣ್ಣದ ಸಾಮಾನನ್ನಂತೂ ಟ್ರಿಪೋಲಿ ಹತ್ತಿರ ಒಯ್ಯಬೇಡಿ, ಬಣ್ಣವನ್ನೇ ತಿನ್ನುತ್ತದೆ.

ಮೇಣದಲ್ಲಿ ನನ್ನ ಆಯ್ಕೆ ಕಾರ್ನೌಬಾ. ಜೇನುಮೇಣ 63 ಡಿಗ್ರಿ ಸುಮಾರಿಗೆ ಕರಗುತ್ತದೆ, ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ವಿಜಯಪುರದ 40 ಡಿಗ್ರಿ ಬೇಸಿಗೆಯಲ್ಲಿ ಮುಟ್ಟಿದಲ್ಲೆಲ್ಲ ಬೆರಳಚ್ಚು. ಕಾರ್ನೌಬಾ ಕರಗುವುದು 80 ದಾಟಿದ ಮೇಲೆ. ಅದಕ್ಕೂ ನೀರಿನ ಹನಿ ನಿಂತರೆ ಬಿಳಿ ಚುಕ್ಕೆ ಬೀಳುತ್ತದೆ. ಪೂರ್ತಿ ಒಣಗಿದ ಮೇಲೆ ಮೂರನೇ ಚಕ್ರಕ್ಕೆ ಮಾತ್ರ ಹಿಡಿದರೆ ಹೋಗುತ್ತದೆ, ಮೊದಲೆರಡಕ್ಕೆ ಮರಳಬೇಕಿಲ್ಲ.